ಪಿಂಗ್ ಬರುತ್ತದೆ, ಫೈಲ್ ಹೋಗುವುದಿಲ್ಲ: ಕ್ಯಾಂಪಸ್‌ಗಳ ನಡುವಿನ ಲಿಂಕ್ ಕೆಟ್ಟಾಗ ದೋಷ ಹುಡುಕುವ ಬಗೆ

ಮಳೆಗಾಲ ಹಿಡಿದರೆ ಕರಾವಳಿಯ ಕ್ಯಾಂಪಸ್‌ಗಳಲ್ಲಿ ಒಂದು ತರಹದ ದೂರು ಜಾಸ್ತಿ ಬರುತ್ತದೆ. ಯೂಟ್ಯೂಬ್ ಓಡುತ್ತದೆ, ವಾಟ್ಸ್ಆ್ಯಪ್ ಓಡುತ್ತದೆ. ಇನ್ನೊಂದು ಕ್ಯಾಂಪಸ್‌ನ ಸರ್ವರ್ ಮಾತ್ರ ಮುನಿಸಿಕೊಂಡಿರುತ್ತದೆ. ಲಾಗಿನ್ ಪುಟ ಬರುತ್ತದೆ, ಪಾಸ್‌ವರ್ಡ್ ಕೊಟ್ಟ ಮೇಲೆ ಸುಮ್ನೆ ಸುತ್ತುತ್ತಾ ಕೂರುತ್ತದೆ. ಪರೀಕ್ಷಾ ವಿಭಾಗದವರು ಫೈಲ್ ಕಳಿಸಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಪ್ರೊವೈಡರ್‌ಗೆ ಫೋನ್ ಮಾಡಿದರೆ ಉತ್ತರ ರೆಡಿ ಇರುತ್ತದೆ: "ಸರ್, ನಮ್ ಕಡೆ ಲಿಂಕ್ ಅಪ್ ತೋರಿಸ್ತಾ ಇದೆ. ಪಿಂಗ್ ಬರ್ತಾ ಇದೆ. ನಿಮ್ ಲ್ಯಾನ್ ಒಮ್ಮೆ ನೋಡ್ಕೊಳ್ಳಿ."

ಅವರು ಸುಳ್ಳು ಹೇಳುತ್ತಿಲ್ಲ. ಪಿಂಗ್ ಎಂದರೆ ಆ ಕಡೆಯ ಯಂತ್ರ ಸಿಗುತ್ತಿದೆಯೇ ಎಂದು ಕೇಳುವ ಪುಟ್ಟ ಪ್ಯಾಕೆಟ್. ಲಿಂಕ್ ಅಪ್ ಇದೆ, ಪಿಂಗ್ ಬರುತ್ತಿದೆ, ಆದರೂ ಕೆಟ್ಟಿದೆ. ಪೂರ್ತಿ ಸತ್ತ ಲಿಂಕ್ ಹುಡುಕುವುದು ಸುಲಭ. ಅರ್ಧ ಜೀವ ಇರುವುದನ್ನು ಹಿಡಿಯುವುದೇ ಕಷ್ಟ. ರ‍್ಯಾಕ್‌ನ ಬೀಗದ ಕೈ ಯಾರ ಹತ್ತಿರ ಇದೆಯೋ, ಅಂದರೆ ಸಿಸ್ಟಮ್ ಅಡ್ಮಿನ್ ಅನ್ನುವ ಹುದ್ದೆ ಇಲ್ಲದಿದ್ದರೂ ಆ ಕೆಲಸ ಯಾರ ತಲೆ ಮೇಲೆ ಬಿದ್ದಿದೆಯೋ, ಅವರಿಗಾಗಿ ಇದು.

ಮೊದಲು ದಾರಿ ಗೊತ್ತಿರಲಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಉನ್ನತ ಶಿಕ್ಷಣ ಹಂಚಿಕೊಂಡೇ ಕೂತಿದೆ. ಕರ್ನಾಟಕ ವಿಶ್ವವಿದ್ಯಾಲಯ ಇರುವುದು ಧಾರವಾಡದಲ್ಲಿ, ಅದರ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿ. ಹೀಗೆ ಒಂದೇ ಸಂಸ್ಥೆ ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ಇದ್ದಾಗ ನಡುವಿನ ಲಿಂಕ್ ಸಾಮಾನ್ಯವಾಗಿ ಮೂರರಲ್ಲಿ ಒಂದು ಬಗೆಯದಾಗಿರುತ್ತದೆ.

ಒಂದು, ಪ್ರೊವೈಡರ್ ಕೊಡುವ ಎಂಪಿಎಲ್‌ಎಸ್ ವಿಪಿಎನ್, ಅಂದರೆ ಪ್ಯಾಕೆಟ್‌ಗೆ ಲೇಬಲ್ ಅಂಟಿಸಿ ಅವರ ಜಾಲದೊಳಗೇ ಸಾಗಿಸುವ ಖಾಸಗಿ ದಾರಿ. ನಿಮ್ಮ ರೂಟರ್ ಪ್ರೊವೈಡರ್‌ನ ಅಂಚಿನ ರೂಟರ್ ಜೊತೆ ಮಾತಾಡುತ್ತದೆ, ಇನ್ನೊಂದು ಕ್ಯಾಂಪಸ್‌ನಲ್ಲೂ ಹಾಗೇ. ನಡುವೆ ಏನಿದೆ ಎಂದು ನಿಮಗೆ ಕಾಣುವುದಿಲ್ಲ. ಎರಡು, ಎರಡೂ ಕಡೆ ಮಾಮೂಲಿ ಇಂಟರ್ನೆಟ್ ಲೀಸ್ಡ್ ಲೈನ್ ಅಥವಾ ಬ್ರಾಡ್‌ಬ್ಯಾಂಡ್, ಅದರ ಮೇಲೆ ನೀವೇ ಕಟ್ಟಿಕೊಂಡ ಟನೆಲ್, ಅಂದರೆ ಒಂದು ಪ್ಯಾಕೆಟ್ ಅನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ದಾರಿ. ಮೂರು, ರಾಷ್ಟ್ರೀಯ ಜ್ಞಾನ ಜಾಲ, ಅಂದರೆ ಎನ್‌ಕೆಎನ್. 2010ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಈ ಜಾಲವನ್ನು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ನಡೆಸುತ್ತದೆ. ಆದರೆ ಎನ್‌ಕೆಎನ್ ಇದ್ದರೂ ನಿಮ್ಮ ಕಟ್ಟಡದವರೆಗೆ ಬರುವ ಕೇಬಲ್ ಯಾವುದೋ ಒಂದು ಟೆಲಿಕಾಂ ಪ್ರೊವೈಡರ್‌ನದೇ. ಹಾಗಾಗಿ ದೂರು ಯಾರಿಗೆ ಕೊಡಬೇಕು ಎಂಬ ಗೊಂದಲ ಅಲ್ಲಿಂದಲೇ ಶುರು.

ನಿಮ್ಮದು ಯಾವ ಬಗೆ ಎಂದು ಗೊತ್ತಿಲ್ಲದಿದ್ದರೆ ಬಿಲ್ ನೋಡಿ. ಸರ್ಕಿಟ್ ಐಡಿ, ಅಂದರೆ ನಿಮ್ಮ ಲಿಂಕ್‌ನ ಗುರುತಿನ ಸಂಖ್ಯೆ ಕೂಡ ಅಲ್ಲೇ ಇರುತ್ತದೆ. ಅದನ್ನು ಬರೆದು ರೂಟರ್ ಮೇಲೆ ಅಂಟಿಸಿಬಿಡಿ. ಕರೆಂಟ್ ಇಲ್ಲದ ರಾತ್ರಿ ಅಕೌಂಟ್ಸ್ ವಿಭಾಗದ ಕಪಾಟು ಹುಡುಕುವ ಕೆಲಸ ತಪ್ಪುತ್ತದೆ.

ಯಾರಿಗೆ ಆಗ್ತಿಲ್ಲ, ಯಾವುದು ಆಗ್ತಿಲ್ಲ

"ನೆಟ್ ಇಲ್ಲ" ಎಂದು ಬಂದವರನ್ನು ಎರಡು ಪ್ರಶ್ನೆ ಕೇಳಿ. ಇಂಟರ್ನೆಟ್ ಇಲ್ಲವೋ, ಆ ಕ್ಯಾಂಪಸ್ ಮಾತ್ರ ಸಿಗುತ್ತಿಲ್ಲವೋ? ನಿಮಗೊಬ್ಬರಿಗೋ, ಪಕ್ಕದ ಕೋಣೆಯವರಿಗೂ ಹೀಗೇನಾ? ಒಬ್ಬರಿಗೇ ಆದರೆ ಅವರ ಕಂಪ್ಯೂಟರ್. ಒಂದು ಕಟ್ಟಡಕ್ಕೆ ಆದರೆ ಸ್ವಿಚ್ ಅಥವಾ ಐಪಿ ಹಂಚಿಕೆ. ಹೆಸರಿನಿಂದ ಸಿಗದೆ ಐಪಿ ಹಾಕಿದರೆ ಸಿಕ್ಕರೆ ಅದು ಡಿಎನ್‌ಎಸ್ (ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ವ್ಯವಸ್ಥೆ), ಲಿಂಕ್‌ಗೂ ಅದಕ್ಕೂ ಸಂಬಂಧವಿಲ್ಲ. ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವುದೇ ಪ್ರೊವೈಡರ್ ಮೂಲಕ ಹೋಗುವ ದಾರಿ.

ಬೆಳಕು, ಉಪ್ಪು, ಕರೆಂಟ್

ಕಾರವಾರದಲ್ಲಿ ಕೆಳಗಿನಿಂದಲೇ ಶುರು ಮಾಡುವುದು ಒಳ್ಳೆಯದು. ಸಮುದ್ರದ ಗಾಳಿ ತಾಮ್ರವನ್ನು ಬಿಡುವುದಿಲ್ಲ. ಪ್ರೊವೈಡರ್‌ನ ಪೆಟ್ಟಿಗೆಯಿಂದ ನಿಮ್ಮ ರೂಟರ್‌ಗೆ ಬರುವ ಒಂದೂವರೆ ಮೀಟರ್ ಪ್ಯಾಚ್ ಕಾರ್ಡ್ ಇದೆಯಲ್ಲ, ಅದನ್ನು ಕಳಚಿ ಪಿನ್ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಒರೆಸುತ್ತಾ ಕೂರಬೇಡಿ, ಹೊಸದು ಹಾಕಿ. ರೂಟರ್‌ನ ಆ ಪೋರ್ಟ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಪ್ಯಾಕೆಟ್) ಎಣಿಕೆ ನೋಡಿ. ಒಮ್ಮೆ ಸೊನ್ನೆ ಮಾಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಷ್ಟಿದೆ ಎನ್ನುವುದಕ್ಕಿಂತ ಏರುತ್ತಿದೆಯೇ ಎನ್ನುವುದು ಮುಖ್ಯ.

ಅದೇ ಜಾಗದಲ್ಲಿ ಸ್ಪೀಡ್ ಮತ್ತು ಡ್ಯುಪ್ಲೆಕ್ಸ್ ಕೂಡ ನೋಡಿಬಿಡಿ. ಫುಲ್ ಎಂದರೆ ಕಳಿಸುವುದು, ಪಡೆಯುವುದು ಎರಡೂ ಒಂದೇ ಹೊತ್ತಿಗೆ, ಹಾಫ್ ಎಂದರೆ ಒಂದಾದ ಮೇಲೊಂದು. ಹಳೆಯ ಮೀಡಿಯಾ ಕನ್ವರ್ಟರ್ (ಫೈಬರ್ ಅನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಇರುವ ಕಡೆ ಒಂದು ತುದಿ 100 ಫುಲ್ ಎಂದು ಕಟ್ಟಿಹಾಕಿರುತ್ತಾರೆ, ಇನ್ನೊಂದು ತುದಿ ಆಟೋದಲ್ಲಿರುತ್ತದೆ. ಆಗ ಆಟೋ ತುದಿ ಹಾಫ್ ಡ್ಯುಪ್ಲೆಕ್ಸ್‌ಗೆ ಬೀಳುತ್ತದೆ. ಪಿಂಗ್ ಚೆನ್ನಾಗಿರುತ್ತದೆ, ಫೈಲ್ ಕಳಿಸಿದರೆ ತೆವಳುತ್ತದೆ. ಎರಡೂ ಕಡೆ ಆಟೋ ಇಡಿ, ಇಲ್ಲವೇ ಎರಡೂ ಕಡೆ ಕಟ್ಟಿಹಾಕಿ.

ಫೈಬರ್ ನೇರವಾಗಿ ರೂಟರ್‌ಗೆ ಬಂದಿದ್ದರೆ ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಪುಟ್ಟ ಮಾಡ್ಯೂಲ್) ಎಷ್ಟು ಬೆಳಕು ಪಡೆಯುತ್ತಿದೆ ಎಂದು ರೂಟರೇ ಹೇಳುತ್ತದೆ. 10 ಕಿ.ಮೀ. ದೂರದ ಸಾಮಾನ್ಯ 1310 ನ್ಯಾನೋಮೀಟರ್ ಎಸ್‌ಎಫ್‌ಪಿಗೆ ಮೈನಸ್ 19 ಡಿಬಿಎಂ (ಬೆಳಕಿನ ಬಲದ ಅಳತೆ) ಸುತ್ತಮುತ್ತ ಮಿತಿ. ಮೈನಸ್ 10 ಇದ್ದರೆ ನಿಶ್ಚಿಂತೆ. ಜಿಪಿಒಎನ್ (ಒಂದೇ ಫೈಬರ್ ಹಲವರಿಗೆ ಹಂಚುವ ಬಗೆ) ಪೆಟ್ಟಿಗೆಯಾದರೆ ಮೈನಸ್ 27ರವರೆಗೆ ಎಳೆಯುತ್ತದೆ, ಆದರೆ 25 ದಾಟಿದರೆ ಮಳೆಗಾಲಕ್ಕೆ ನಂಬಬೇಡಿ. ಮೈನಸ್ 40 ಎಂದು ತೋರಿಸಿದರೆ ಬೆಳಕೇ ಇಲ್ಲ, ಕೇಬಲ್ ತುಂಡಾಗಿದೆ ಅಥವಾ ಆ ಕಡೆಯ ಯಂತ್ರ ಆರಿದೆ.

ಒಂದೇ ದಿನದ ಅಂಕಿಯಿಂದ ಹೆಚ್ಚು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಎಷ್ಟಿತ್ತು ಎಂದು ಬರೆದಿಟ್ಟಿರಬೇಕು. 3 ಡಿಬಿ ಇಳಿದಿದೆ ಎಂದರೆ ಅರ್ಧ ಬೆಳಕು ಹೋಗಿದೆ ಎಂದರ್ಥ. 1310ರಲ್ಲಿ ಫೈಬರ್ ಕಿ.ಮೀ.ಗೆ ಸುಮಾರು 0.35 ಡಿಬಿ ತಿನ್ನುತ್ತದೆ. ಕೇಬಲ್ ಉದ್ದ ಬೆಳೆಯದೆ 3 ಡಿಬಿ ಹೋಗಿದ್ದರೆ ಎಲ್ಲೋ ಜಾಯಿಂಟ್‌ನಲ್ಲಿ ನೀರು ಇಳಿದಿದೆ, ಕನೆಕ್ಟರ್ ತುದಿ ಕೊಳೆಯಾಗಿದೆ, ಅಥವಾ ರ‍್ಯಾಕ್ ಬಾಗಿಲಿಗೆ ಸಿಕ್ಕಿ ಫೈಬರ್ ಮಡಚಿದೆ. ಕೊನೆಯದನ್ನು ನೀವೇ ಸರಿ ಮಾಡಬಹುದು. ಕನೆಕ್ಟರ್ ತುದಿ ಒರೆಸುವುದಕ್ಕೆ ಅದರದೇ ಕ್ಲೀನರ್ ಬರುತ್ತದೆ, ಅಂಗಿಯ ತುದಿ ಬೇಡ. ಫೈಬರ್ ತುದಿಗೆ ಕಣ್ಣಿಟ್ಟು "ಬೆಳಕು ಬರ್ತಿದೆಯಾ" ಎಂದು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಸುಡಬಲ್ಲದು.

ಕರೆಂಟ್ ವಿಷಯದಲ್ಲಿ ಒಂದು ಗುರುತು ನೆನಪಿಡಿ. ಕರೆಂಟ್ ಹೋದ ಕೂಡಲೇ ಲಿಂಕ್ ಬಿದ್ದರೆ ಅದು ನಿಮ್ಮ ಯುಪಿಎಸ್. ಪ್ರೊವೈಡರ್‌ನ ಪೆಟ್ಟಿಗೆಗೆ ಯುಪಿಎಸ್ ಸಾಕೆಟ್ ಕೊಡದೆ ಗೋಡೆಯ ಪ್ಲಗ್‌ಗೆ ಹಾಕಿರುವ ಕಡೆ ಬೇಕಾದಷ್ಟಿದೆ. ಕರೆಂಟ್ ಹೋಗಿ ಕೆಲವು ಗಂಟೆ ಆದ ಮೇಲೆ, ನಿಮ್ಮಲ್ಲೆಲ್ಲ ಸರಿ ಇದ್ದೂ ಬಿದ್ದರೆ ದಾರಿಯಲ್ಲಿ ಯಾವುದೋ ಎಕ್ಸ್‌ಚೇಂಜ್ ಅಥವಾ ಟವರ್‌ನ ಬ್ಯಾಟರಿ ಮುಗಿದಿದೆ.

ಸಮಯ ನೋಡಿ ದಾರಿ ತಿಳಿಯುವುದು

ಎಂಪಿಎಲ್‌ಎಸ್ ವಿಪಿಎನ್‌ನಲ್ಲಿ ಟ್ರೇಸ್‌ರೂಟ್ (ದಾರಿಯ ರೂಟರ್‌ಗಳನ್ನು ಪಟ್ಟಿ ಮಾಡುವ ಆಜ್ಞೆ) ಹಾಕಿದರೆ ಪ್ರೊವೈಡರ್‌ನ ಒಳಗಿನ ಹಾಪ್‌ಗಳು, ಅಂದರೆ ನಡುವಿನ ರೂಟರ್‌ಗಳು, ಹೆಚ್ಚಾಗಿ ಕಾಣುವುದೇ ಇಲ್ಲ. ಆಗ ನಿಮಗೆ ಉಳಿಯುವುದು ಪಿಂಗ್‌ನ ಸಮಯ. ಇದನ್ನು ಹಗುರವಾಗಿ ನೋಡಬೇಡಿ.

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ 100 ಕಿ.ಮೀ. ಹೋಗಿ ಬರಲು 1 ಮಿಲಿಸೆಕೆಂಡ್. ಕಾರವಾರದಿಂದ ಶಿರಸಿಗೆ ನೂರು ಚಿಲ್ಲರೆ ಕಿ.ಮೀ., ಲೆಕ್ಕದ ಪ್ರಕಾರ ಒಂದೆರಡು ಮಿಲಿಸೆಕೆಂಡ್ ಸಾಕು. ಆದರೆ ಪ್ರೊವೈಡರ್‌ನ ಜಾಲ ಬೆಂಗಳೂರಿಗೆ ಹೋಗಿ ತಿರುಗಿ ಬರುವಂತಿದ್ದರೆ ಮಾಮೂಲಿ ದಿನದಲ್ಲೇ 12, 15 ತೋರಿಸಬಹುದು. ಅದು ದೋಷವಲ್ಲ, ಅವರ ಜಾಲ ಇರುವುದೇ ಹಾಗೆ. ನಿಮಗೆ ಬೇಕಾದದ್ದು ನಿಮ್ಮ ಮಾಮೂಲಿ ಅಂಕಿ. ಅದು 14 ಇದ್ದದ್ದು ಒಂದು ಬೆಳಿಗ್ಗೆ 31 ಆಗಿ ಅಲ್ಲೇ ಕದಲದೆ ನಿಂತಿದ್ದರೆ ಪ್ರೊವೈಡರ್ ನಿಮ್ಮನ್ನು ಬೇರೆ ದಾರಿಗೆ ಹಾಕಿದ್ದಾರೆ. 14ರಿಂದ 200ರವರೆಗೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ದಾರಿ ಅದೇ, ಲಿಂಕ್ ತುಂಬಿದೆ. ಯಾರೋ ಬ್ಯಾಕಪ್ ಹಾಕಿದ್ದಾರಾ ಎಂದು ಮೊದಲು ನಿಮ್ಮಲ್ಲೇ ನೋಡಿ.

ದಾರಿ ಬದಲಾಗುವುದು ಇಲ್ಲಿ ಅಪರೂಪವೇನಲ್ಲ. ಕಡಲು ಮತ್ತು ಘಟ್ಟದ ನಡುವೆ ಜಾಗ ಕಡಿಮೆ. ರಸ್ತೆ, ನೀರಿನ ಪೈಪು, ಕೇಬಲ್ ಎಲ್ಲ ಹೆದ್ದಾರಿ 66ರ ಬದಿಯಲ್ಲೇ ಒತ್ತಿಕೊಂಡು ಹೋಗಬೇಕು. ಘಟ್ಟ ಹತ್ತುವುದಕ್ಕೆ ಇರುವುದು ಬೆರಳೆಣಿಕೆಯ ರಸ್ತೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 6ರ ಮಧ್ಯರಾತ್ರಿ ಕಳೆದ ಮೇಲೆ, 7ರಂದು, ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಇಂಥ ನೆಲದಲ್ಲಿ "ನಮ್ಮದು ಎರಡು ಪ್ರೊವೈಡರ್, ಹಾಗಾಗಿ ಸೇಫ್" ಎನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಎರಡೂ ಕೇಬಲ್ ಯಾವ ಸೇತುವೆ ದಾಟುತ್ತವೆ? ಎರಡು ಬಿಲ್ ಬಂದ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ.

ಎಂಟಿಆರ್ (ಟ್ರೇಸ್‌ರೂಟ್ ಮತ್ತೆ ಮತ್ತೆ ಓಡಿಸಿ ಪ್ರತಿ ಹಾಪ್‌ನ ನಷ್ಟ ತೋರಿಸುವ ಸಾಧನ) ಹಾಕುವವರಿಗೆ ಒಂದು ಮಾತು. ನಡುವಿನ ಒಂದು ಹಾಪ್‌ನಲ್ಲಿ 40 ಶೇಕಡ ನಷ್ಟ ತೋರಿಸಿ ಕೊನೆಯ ಹಾಪ್‌ನಲ್ಲಿ ಸೊನ್ನೆ ಇದ್ದರೆ ನಷ್ಟವೇ ಇಲ್ಲ. ಆ ರೂಟರ್ ತನ್ನಲ್ಲಿ ಆಯುಸ್ಸು ಮುಗಿದ ಪರೀಕ್ಷಾ ಪ್ಯಾಕೆಟ್‌ಗೆ ಉತ್ತರ ಕೊಡಲು ಸೋಮಾರಿತನ ಮಾಡುತ್ತಿದೆ ಅಷ್ಟೇ. ಆ ಚಿತ್ರ ಕಳಿಸಿ ಜಗಳ ಆಡಿದರೆ ಪ್ರೊವೈಡರ್‌ನವರು ನಿಮ್ಮ ಮುಂದಿನ ನಿಜವಾದ ದೂರನ್ನೂ ನಂಬುವುದಿಲ್ಲ.

ಸಣ್ಣದು ಹೋಗುತ್ತದೆ, ದೊಡ್ಡದು ಹೋಗಲ್ಲ

ಈಗ ಮೊದಲು ಹೇಳಿದ ದೂರಿಗೆ ಬರೋಣ. ದೇವಿಮನೆ ಘಟ್ಟದಲ್ಲಿ ಮಳೆಗಾಲಕ್ಕೆ ಭಾರಿ ವಾಹನ ಬಿಡದಿದ್ದಾಗ ಬೈಕಿನಲ್ಲಿ ಬಂದವರು "ರಸ್ತೆ ಚೆನ್ನಾಗೇ ಇದೆಯಲ್ಲ" ಎನ್ನುತ್ತಾರೆ. ಮಾಮೂಲಿ ಪಿಂಗ್ ಆ ಬೈಕ್. ವಿಂಡೋಸ್‌ನಲ್ಲಿ ಅದು ಒಯ್ಯುವುದು ಬರೀ 32 ಬೈಟ್, ಲಿನಕ್ಸ್‌ನಲ್ಲಿ 56. ಫೈಲ್ ಕಳಿಸುವಾಗ ಹೋಗುವ ಪ್ಯಾಕೆಟ್ 1500 ಬೈಟ್‌ನದು.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್‌ಗೆ 1500 ಬೈಟ್ ಮಿತಿ, ಇದೇ ಎಂಟಿಯು. ದಾರಿಯಲ್ಲಿ ಯಾರಾದರೂ ಅದಕ್ಕೆ ಹೊದಿಕೆ ಹಾಕಿದರೆ ಒಳಗಿನ ಜಾಗ ಕಡಿಮೆಯಾಗುತ್ತದೆ. ಬ್ರಾಡ್‌ಬ್ಯಾಂಡ್ ಲಾಗಿನ್‌ಗೆ ಬಳಸುವ ಪಿಪಿಪಿಒಇ 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ಜಿಆರ್‌ಇ ಟನೆಲ್ 24 ತಿನ್ನುತ್ತದೆ, ಉಳಿಯುವುದು 1476. ಗೂಢಲಿಪಿ ಹಾಕುವ ಐಪಿಸೆಕ್ ಟನೆಲ್ ಇನ್ನೂ ಜಾಸ್ತಿ ತಿನ್ನುತ್ತದೆ, 1400 ಎಂದು ಇಟ್ಟುಕೊಂಡರೆ ಕ್ಷೇಮ. ಎಂಪಿಎಲ್‌ಎಸ್‌ನಲ್ಲಿ ಒಂದೊಂದು ಲೇಬಲ್‌ಗೆ 4 ಬೈಟ್. ಪ್ರೊವೈಡರ್ ತನ್ನ ಜಾಲದಲ್ಲಿ ಇದಕ್ಕಾಗಿ ಸ್ವಲ್ಪ ಹೆಚ್ಚು ಜಾಗ ಬಿಟ್ಟಿರುತ್ತಾರೆ. ಆದರೆ ಮುಖ್ಯ ದಾರಿ ಕಡಿದು ಬದಲಿ ದಾರಿಗೆ ಹಾಕಿದಾಗ, ಅಲ್ಲೊಂದು ಹಳೆಯ ಸ್ವಿಚ್‌ನಲ್ಲಿ ಆ ಜಾಗ ಬಿಟ್ಟಿರದಿದ್ದರೆ ನಿಮ್ಮ 1500ರ ಪ್ಯಾಕೆಟ್ ಅಲ್ಲೇ ಬೀಳುತ್ತದೆ. ಯಾರಿಗೂ ಹೇಳದೆ ಬೀಳುತ್ತದೆ. ಪ್ರೊವೈಡರ್‌ನ ಪರದೆಯ ಮೇಲೆ ಎಲ್ಲ ಹಸಿರಾಗೇ ಇರುತ್ತದೆ.

ಪರೀಕ್ಷೆ ಸುಲಭ. ಒಡೆಯಬೇಡ ಎಂದು ಹೇಳಿ ದೊಡ್ಡ ಪಿಂಗ್ ಕಳಿಸಬೇಕು. ವಿಂಡೋಸ್‌ನಲ್ಲಿ ಪಿಂಗ್ ಜೊತೆ ಡ್ಯಾಶ್ ಎಫ್, ಮತ್ತೆ ಡ್ಯಾಶ್ ಎಲ್ 1472. ಲಿನಕ್ಸ್‌ನಲ್ಲಿ ಡ್ಯಾಶ್ ದೊಡ್ಡಕ್ಷರದ ಎಂ, ಡು, ಮತ್ತೆ ಡ್ಯಾಶ್ ಎಸ್ 1472. 1472 ಏಕೆಂದರೆ ಐಪಿ ಮತ್ತು ಐಸಿಎಂಪಿ (ಪಿಂಗ್ ಮತ್ತು ದೋಷದ ಸಂದೇಶ ಸಾಗುವ ಬಗೆ) ತಲೆಬರಹಕ್ಕೆ 28 ಸೇರಿ 1500 ಆಗುತ್ತದೆ. ಸರ್ವರ್‌ಗಿಂತ ಆ ಕ್ಯಾಂಪಸ್‌ನ ರೂಟರ್‌ಗೆ ಕಳಿಸಿ, ನಡುವೆ ಫೈರ್‌ವಾಲ್‌ನ ಗೊಂದಲ ಬೇಡ. ಉತ್ತರ ಬರದಿದ್ದರೆ ಅಂಕಿ ಇಳಿಸುತ್ತಾ ಹೋಗಿ.

ಎಲ್ಲಿ ಬರಲು ಶುರುವಾಯಿತೋ ಆ ಅಂಕಿಯೇ ಸುಳಿವು. 1464ಕ್ಕೆ ಬಂತು ಎಂದರೆ ದಾರಿ 1492ರದ್ದು: ಪಿಪಿಪಿಒಇ, ಅಥವಾ ಲೆಕ್ಕಕ್ಕೆ ಹಿಡಿಯದ ಎರಡು ಲೇಬಲ್. 1448ಕ್ಕೆ ಬಂದರೆ ಎಲ್ಲೋ ಜಿಆರ್‌ಇ ಇದೆ. ಯಾವ ಗಾತ್ರಕ್ಕೂ ಹತ್ತರಲ್ಲಿ ಒಂದೆರಡು ಬಿದ್ದು ಉಳಿದವು ಬರುತ್ತಿದ್ದರೆ ಇದು ಎಂಟಿಯು ಅಲ್ಲ, ಮತ್ತೆ ಬೆಳಕು ಮತ್ತು ಡ್ಯುಪ್ಲೆಕ್ಸ್ ಕಡೆಗೆ ಹೋಗಿ. ಎಂಟಿಯು ದೋಷಕ್ಕೆ ಅರ್ಧಂಬರ್ಧ ಇಲ್ಲ. ಒಂದು ಗಾತ್ರದವರೆಗೆ ಎಲ್ಲ ಬರುತ್ತವೆ, ಅದರಾಚೆ ಒಂದೂ ಬರುವುದಿಲ್ಲ.

ಉತ್ತರದ ಬಗೆಯನ್ನೂ ನೋಡಿ. "ಪ್ಯಾಕೆಟ್ ಒಡೆಯಬೇಕು" ಎಂಬ ಅರ್ಥದ ಸಂದೇಶ ಬಂದರೆ ನಡುವಿನ ರೂಟರ್ ನಿಯತ್ತಾಗಿ ಹೇಳುತ್ತಿದೆ. 1990ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 1191 ಹೇಳುವ ವ್ಯವಸ್ಥೆ ಇದೇ. ಆ ಸಂದೇಶ ಕೇಳಿ ಸರ್ವರ್ ತನ್ನ ಗಾತ್ರ ತಗ್ಗಿಸಿಕೊಳ್ಳಬೇಕು. ಬರೀ ಟೈಮ್ಔಟ್ ಬಂದರೆ ಯಾರೋ ನುಂಗುತ್ತಿದ್ದಾರೆ. ಪ್ರೊವೈಡರ್ ಮೇಲೆ ಹಾಕುವ ಮೊದಲು ನಿಮ್ಮ ಫೈರ್‌ವಾಲ್ ನೋಡಿ. ಸುರಕ್ಷತೆ ಎಂದು ಐಸಿಎಂಪಿ ಪೂರ್ತಿ ಬಂದ್ ಮಾಡುವ ಚಟ ಕ್ಯಾಂಪಸ್‌ಗಳಲ್ಲಿ ಹಳೆಯದು. ನನಗಂತೂ ಅದರಿಂದ ಬಂದ ಲಾಭ ಎಲ್ಲೂ ಕಂಡಿಲ್ಲ, ತೊಂದರೆ ಕಂಡಿದ್ದೇ ಜಾಸ್ತಿ. ಕನಿಷ್ಠ ಟೈಪ್ 3, ಕೋಡ್ 4, ಅಂದರೆ ಈ "ಒಡೆಯಬೇಕು" ಸಂದೇಶವನ್ನಾದರೂ ಒಳಗೆ ಬಿಡಿ.

ಇನ್ನೊಂದು ಸೂಕ್ಷ್ಮ ಇದೆ. ಪಿಂಗ್‌ನ ಉತ್ತರವೂ ಅಷ್ಟೇ ದೊಡ್ಡದು. ಹೋದದ್ದು ಮುಟ್ಟಿಲ್ಲವೋ, ಬರುವುದು ಬಿದ್ದಿದೆಯೋ ಎಂದು ನಿಮ್ಮ ತುದಿಯಿಂದ ತಿಳಿಯುವುದಿಲ್ಲ. ಎರಡು ದಿಕ್ಕಿಗೆ ಎರಡು ದಾರಿ ಇರಬಹುದು. ಶಿರಸಿಯಲ್ಲಿ ಕೂತಿರುವವರಿಗೆ ಫೋನ್ ಹಾಕಿ: "ನಾನು ಈಗ ದೊಡ್ಡ ಪಿಂಗ್ ಬಿಡ್ತೇನೆ, ಟಿಸಿಪಿಡಂಪ್‌ನಲ್ಲಿ ಬಂತಾ ನೋಡಿ ಮಾರಾಯ್ರೆ." ಟಿಸಿಪಿಡಂಪ್ ಬಂದ ಪ್ಯಾಕೆಟ್‌ಗಳನ್ನು ತೋರಿಸುವ ಸಾಧನ. ಅಲ್ಲಿ ಬಂದರೆ ದೋಷ ವಾಪಸ್ ದಾರಿಯಲ್ಲಿ. ಐದು ನಿಮಿಷದ ಈ ಫೋನ್ ಹಲವು ದಿನಗಳ ಇಮೇಲ್ ಉಳಿಸುತ್ತದೆ.

ಪ್ರೊವೈಡರ್ ಸರಿ ಮಾಡುವವರೆಗೆ ಕೆಲಸ ನಡೆಯಬೇಕಲ್ಲ. ನಿಮ್ಮ ರೂಟರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಟಿಸಿಪಿ ತುಂಬುವ ಗರಿಷ್ಠ ಡೇಟಾ) ತಗ್ಗಿಸಿ. ಸಿಕ್ಕ ಎಂಟಿಯುನಿಂದ 40 ಕಳೆದರೆ ಆಯಿತು: 1492ಕ್ಕೆ 1452, 1476ಕ್ಕೆ 1436. ವೆಬ್, ಫೈಲ್, ಡೇಟಾಬೇಸ್ ಎಲ್ಲ ಕೂಡಲೇ ಓಡಲು ಶುರುವಾಗುತ್ತವೆ. ಆಮೇಲೂ ಒಂದು ದೂರು ಉಳಿದರೆ ಆಶ್ಚರ್ಯಪಡಬೇಡಿ: ಬೇರೆ ಕ್ಯಾಂಪಸ್‌ನಿಂದ ಬಂದವರಿಗೆ ಎಜುರೋಮ್ (ಬೇರೆ ಸಂಸ್ಥೆಗೆ ಹೋದರೂ ತಮ್ಮದೇ ಲಾಗಿನ್ ನಡೆಯುವ) ವೈಫೈ ಲಾಗಿನ್ ಆಗುವುದಿಲ್ಲ. ಅವರ ಲಾಗಿನ್ ಅವರ ಮೂಲ ಸಂಸ್ಥೆಯ, ಲಾಗಿನ್ ಪರಿಶೀಲಿಸುವ ರೇಡಿಯಸ್ ಸರ್ವರ್‌ವರೆಗೆ ಹೋಗಬೇಕು. ಅದು ಸಾಮಾನ್ಯವಾಗಿ ಟಿಸಿಪಿಯಲ್ಲಲ್ಲ, ಇನ್ನೊಂದು ಸಾಗಣೆಯ ಬಗೆಯಾದ ಯುಡಿಪಿಯಲ್ಲಿ, 1812ನೇ ಪೋರ್ಟ್‌ನಲ್ಲಿ ಹೋಗುತ್ತದೆ. ಎಂಎಸ್‌ಎಸ್ ತಗ್ಗಿಸಿದ್ದು ಟಿಸಿಪಿಗೆ ಮಾತ್ರ. ಸರ್ಟಿಫಿಕೇಟ್ ಹೊತ್ತ ದೊಡ್ಡ ಯುಡಿಪಿ ಪ್ಯಾಕೆಟ್‌ಗಳು ಇನ್ನೂ ಬೀಳುತ್ತಲೇ ಇರುತ್ತವೆ. ರೇಡಿಯಸ್‌ನಲ್ಲಿ ಫ್ರೇಮ್ಡ್ ಎಂಟಿಯು ಬೆಲೆಯನ್ನು 1300ರ ಆಸುಪಾಸಿಗೆ ಇಳಿಸಿದರೆ ತುಂಡುಗಳು ಸಣ್ಣದಾಗಿ ದಾಟುತ್ತವೆ.

ಒಂದು ಕಟ್ಟಡಕ್ಕೆ ಮಾತ್ರ ಸಿಗದಿದ್ದರೆ

ಹೊಸ ಲ್ಯಾಬ್ ಕಟ್ಟಿದ್ದೀರಿ, ಅಲ್ಲಿಗೆ ಹೊಸ ಐಪಿ ಸಾಲು ಕೊಟ್ಟಿದ್ದೀರಿ. ಇಂಟರ್ನೆಟ್ ಬರುತ್ತದೆ, ಆ ಕ್ಯಾಂಪಸ್ ಸಿಗುವುದಿಲ್ಲ. ಇಂಟರ್ನೆಟ್‌ಗೆ ಹೋಗುವಾಗ ನ್ಯಾಟ್ ಆಗಿ ವಿಳಾಸ ಬದಲಾಗುತ್ತದೆ, ಕ್ಯಾಂಪಸ್ ಲಿಂಕ್‌ನಲ್ಲಿ ಆಗುವುದಿಲ್ಲ. ಆ ಹೊಸ ಸಾಲನ್ನು ಬಿಜಿಪಿಯಲ್ಲಿ (ರೂಟರ್‌ಗಳು ದಾರಿ ತಿಳಿಸಿಕೊಳ್ಳುವ ವ್ಯವಸ್ಥೆ) ಪ್ರೊವೈಡರ್‌ಗೆ ಹೇಳಿದ್ದೀರಾ, ಅವರು ತಮ್ಮ ಫಿಲ್ಟರ್‌ನಲ್ಲಿ ಬಿಟ್ಟಿದ್ದಾರಾ, ಎರಡೂ ನೋಡಬೇಕು. ಇಲ್ಲದಿದ್ದರೆ ಪ್ಯಾಕೆಟ್ ಹೋಗುತ್ತದೆ, ವಾಪಸ್ ಬರಲು ದಾರಿ ಇರುವುದಿಲ್ಲ. ಎರಡೂ ಕ್ಯಾಂಪಸ್‌ನಲ್ಲಿ 192.168.1.0 ಸಾಲನ್ನೇ ಬಳಸಿದ್ದರೆ ಯಾವ ಪ್ರೊವೈಡರ್ ಬಂದರೂ ಸರಿಯಾಗುವುದಿಲ್ಲ. ಒಂದು ಕಡೆ ಬದಲಿಸಲೇಬೇಕು.

ಬಿಜಿಪಿ ಅಪ್ ಇದೆ ಎಂಬ ಕಾರಣಕ್ಕೆ ಲಿಂಕ್ ಬಿದ್ದೇ ಇಲ್ಲ ಎನ್ನಬೇಡಿ. ಹಲವು ರೂಟರ್‌ಗಳಲ್ಲಿ ಹೋಲ್ಡ್ ಟೈಮ್, ಅಂದರೆ ಆ ಕಡೆಯಿಂದ ಸದ್ದಿಲ್ಲದಿದ್ದರೂ ಕಾಯುವ ಹೊತ್ತು, 180 ಸೆಕೆಂಡ್. ಒಂದು ನಿಮಿಷ ಬಿದ್ದು ಎದ್ದ ಲಿಂಕ್ ಅದರ ಲೆಕ್ಕಕ್ಕೇ ಬರುವುದಿಲ್ಲ. ವಿಡಿಯೋ ಕ್ಲಾಸ್‌ನಲ್ಲಿದ್ದ ಮೇಷ್ಟ್ರಿಗೆ ಮಾತ್ರ ಗೊತ್ತಾಗುತ್ತದೆ.

ದೂರು ಬರೆಯುವುದು

"ಲಿಂಕ್ ಸ್ಲೋ ಇದೆ, ದಯವಿಟ್ಟು ನೋಡಿ" ಎಂದು ಬರೆದರೆ ಆ ಕಡೆಯವರು ಪಿಂಗ್ ಹಾಕಿ, ಬಂತು ಎಂದು ಡಾಕೆಟ್ (ದೂರಿನ ದಾಖಲೆ) ಮುಚ್ಚುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಫೋನ್ ಎತ್ತಿದವರಿಗೆ ಕಾಣುವುದು ಅಷ್ಟೇ. ಹೀಗೆ ಬರೆಯಿರಿ: ಎರಡೂ ತುದಿಯ ಸರ್ಕಿಟ್ ಐಡಿ, ಇಂಥ ದಿನ ಇಷ್ಟು ಗಂಟೆಯಿಂದ, ಪಿಂಗ್ ಸಮಯ 14ರಿಂದ 31 ಆಗಿದೆ, ಒಡೆಯದ 1464 ಬೈಟ್ ಹೋಗುತ್ತದೆ, 1465 ಹೋಗುವುದಿಲ್ಲ, ಪ್ಯಾಕೆಟ್ ಶಿರಸಿ ರೂಟರ್‌ಗೆ ಮುಟ್ಟುತ್ತಿಲ್ಲ ಎಂದು ಕ್ಯಾಪ್ಚರ್ ತೋರಿಸುತ್ತದೆ, ಬೆಳಕು ಮೈನಸ್ 11, ಸಿಆರ್‌ಸಿ ಏರುತ್ತಿಲ್ಲ. ಬದಲಿ ದಾರಿಯ ಎಂಟಿಯು ಪರೀಕ್ಷಿಸಿ ಎಂದು ನೇರವಾಗಿ ಕೇಳಿ. ಇಷ್ಟಿದ್ದರೆ ಮೊದಲ ಹಂತದವರು ಅದನ್ನು ಮುಚ್ಚಲು ಹೆದರಿ ಮೇಲಿನವರಿಗೆ ದಾಟಿಸುತ್ತಾರೆ. ನಮಗೆ ಬೇಕಾಗಿರುವುದೂ ಅದೇ.

ಸರಿಯಾಯಿತು ಎಂದು ಕರೆ ಬಂದಾಗ ಒಪ್ಪುವ ಮೊದಲು 1472 ಮತ್ತೆ ಕಳಿಸಿ ನೋಡಿ. ಕೇಬಲ್ ಜೋಡಿಸಿ ಹಳೆಯ ದಾರಿಗೆ ವಾಪಸ್ ಹಾಕಿದ್ದರೆ ಪಿಂಗ್ ಸಮಯ 14ಕ್ಕೆ ಇಳಿದಿರುತ್ತದೆ, 1472 ಕೂಡ ಹೋಗುತ್ತದೆ. ಆದರೆ ಬದಲಿ ದಾರಿಯ ಸ್ವಿಚ್ ಹಾಗೇ ಇದೆ ಎಂದರ್ಥ. ಮುಂದಿನ ಸಲ ಕೇಬಲ್ ಕಡಿದಾಗ ಇದೇ ಮತ್ತೆ ಬರುತ್ತದೆ. ಡಾಕೆಟ್ ತೆರೆದೇ ಇಡಿಸಿ, ಬದಲಿ ದಾರಿಯನ್ನು ಒಂದು ಭಾನುವಾರ ಬೆಳಿಗ್ಗೆ ಬೇಕೆಂದೇ ಹಾಕಿಸಿ ಪರೀಕ್ಷೆ ಮಾಡಿ ಎಂದು ಕೇಳಿ. ಅಲ್ಲಿಯವರೆಗೆ ರೂಟರ್‌ನಲ್ಲಿ ತಗ್ಗಿಸಿದ ಎಂಎಸ್‌ಎಸ್ ತೆಗೆಯಬೇಡಿ. ಅದರಿಂದ ಆಗುವ ನಷ್ಟ ಪ್ಯಾಕೆಟ್‌ಗೆ ಹಲವು ಬೈಟ್ ಮಾತ್ರ.